ಆರು ಹಗ್ಗ, ಮತ್ತೆ ಚೂರು

ಬೆರ್ಚಪ್ಪನ ಅಂಗಿ ಹಾರಿಬಂದು ಮುಖಕ್ಕೆ ಅಂಟಿಕೊಂಡಾಗ ಗಣಿತದ ಮೇಷ್ಟ್ರು ಸೈಕಲ್ಲಿನ ಮೇಲಿದ್ದರು. ಮರುಕ್ಷಣ ಸೈಕಲ್ಲು ರಸ್ತೆಯ ಮೇಲಿತ್ತು, ಮೇಷ್ಟ್ರು ಪಕ್ಕದ ಹುಲ್ಲಿನ ರಾಶಿಯೊಳಗಿದ್ದರು.

“ಹದಿಮೂರು!” ಎಂದು ಹೊಲದ ನಡುವಿನಿಂದ ಮಾವ ಕೂಗಿದ. “ಹದಿನಾಲ್ಕು!”

ಬೆರ್ಚಪ್ಪ ಇನ್ನೂ ಗಿರಗಿರನೆ ತಿರುಗುತ್ತಲೇ ಇದ್ದ. ಅವನ ತಲೆಗೆ ಕವುಚಿದ್ದ ಹಳೇ ಬಕೆಟ್ಟು ಆಗಲೇ ಹಾರಿಹೋಗಿ ಸೂರ್ಯಕಾಂತಿ ಸಾಲಿನೊಳಗೆ ಬಿದ್ದಿತ್ತು. ಹೊಟ್ಟೆಯ ಹುಲ್ಲು ಸುತ್ತಲೂ ಚಿಮ್ಮಿ ಅಜ್ಜಿಯ ತಲೆಕೂದಲಿಗೆಲ್ಲ ಸಿಕ್ಕಿಕೊಂಡಿತ್ತು. ಕೊನೆಗೊಮ್ಮೆ ‘ಕುಂಯ್’ ಎಂದು ಸದ್ದು ಮಾಡಿ ಅವನು ನಿಂತ. ಉಳಿದದ್ದು ಎರಡು ಕೋಲು, ಒಂದು ಪ್ಯಾಂಟು.

“ನಾನು ತೊಂಬತ್ತು ಅಂತಲೇ ಒತ್ತಿದ್ದು!” ಎಂದಳು ಬುಗುರಿ. “ಅಜ್ಜಿ, ಆಣೆಗೂ ತೊಂಬತ್ತೇ!”

“ಎಷ್ಟಾದ್ರೂ ಒತ್ತು,” ಎಂದಳು ಅಜ್ಜಿ ತಲೆ ಕೊಡವಿಕೊಳ್ಳುತ್ತ. “ನಾಳೆ ಬೆಳಗ್ಗೆ ಡಬ್ಬ ಹಿಡ್ಕೊಂಡು ಅಟ್ಟಣೆ ಹತ್ತು. ಅಷ್ಟೇ.”

ಬುಗುರಿಯ ಮುಖ ಸಪ್ಪಗಾಯಿತು.

ಬುಗುರಿ ಎಂಬುದು ಅವಳ ನಿಜವಾದ ಹೆಸರಲ್ಲ. ಒಂದು ಕಡೆ ನಿಲ್ಲುವವಳಲ್ಲ ಎಂದು ಮಾವ ಇಟ್ಟ ಹೆಸರು. ಆರನೇ ಕ್ಲಾಸಿನ ರಿಲೇ ಓಟದ ತಂಡದಲ್ಲಿ ಅವಳು ಮೂರನೆಯವಳು. ಎರಡನೆಯವಳ ಕೈಯಿಂದ ಕೋಲು ತೆಗೆದುಕೊಂಡು ನಾಲ್ಕನೆಯವಳ ಕೈಗೆ ಮುಟ್ಟಿಸುವುದು ಅವಳ ಕೆಲಸ. ಅಂದು ಮಧ್ಯಾಹ್ನವಷ್ಟೇ ಪೀಟಿ ಸಾರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ನಾಳೆ ಬೆಳಗ್ಗೆ ಏಳಕ್ಕೆ ಪ್ರಾಕ್ಟೀಸು. ಏಳಕ್ಕೆ ಗ್ರೌಂಡಲ್ಲಿ ಯಾರು ಇರಲ್ವೋ ಅವರ ಜಾಗಕ್ಕೆ ಬೇರೆಯವರು” ಎಂದಿದ್ದರು. ಹಾಗೆ ಹೇಳುವಾಗ ಅವರು ಬುಗುರಿಯನ್ನೇ ನೋಡಿದ್ದರು. ಯಾಕೆಂದರೆ ಆ ವಾರ ಒಂದು ದಿನವೂ ಅವಳು ಹೋಗಿರಲಿಲ್ಲ.

ಹೋಗಲು ಆಗದಂತೆ ಮಾಡಿದ್ದು ಗಿಳಿಗಳು. ಅಜ್ಜಿಯ ಸೂರ್ಯಕಾಂತಿ ಹೊಲದಲ್ಲಿ ಹೂಗಳೆಲ್ಲ ಕಾಳು ಕಟ್ಟಿ ತಲೆ ಬಾಗಿಸಿದ್ದವು. ಬೆಳಕು ಹರಿದರೆ ಸಾಕು, ಗಿಳಿಗಳ ದಂಡು ಬಂದು ಕೂರುತ್ತಿತ್ತು. ಒಂದು ಕಾಳು ತಿಂದು ನಾಲ್ಕು ಕಾಳು ಕೆಳಗೆ ಉದುರಿಸುತ್ತಿದ್ದವು. ಆರರಿಂದ ಎಂಟರವರೆಗೆ ಯಾರಾದರೂ ಅಟ್ಟಣೆಯ ಮೇಲೆ ನಿಂತು ತಗಡಿನ ಡಬ್ಬ ಬಡಿಯಲೇಬೇಕು. ಅಪ್ಪ ಅಮ್ಮ ಐದಕ್ಕೇ ಹಾಲಿನ ಡೇರಿಯ ಕೆಲಸಕ್ಕೆ ಹೊರಡುತ್ತಿದ್ದರು. ಅಜ್ಜಿಯ ಮಂಡಿ ಏಣಿ ಹತ್ತಲು ಒಪ್ಪುತ್ತಿರಲಿಲ್ಲ. ಮಾವ ಹತ್ತುತ್ತಿದ್ದ, ಆದರೆ ಹತ್ತಿದ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದ. ಒಂದು ದಿನ ಅವನ ಹೊಟ್ಟೆಯ ಮೇಲೇ ಗಿಳಿ ಕೂತಿತ್ತು.

ಮಾವನ ಕೆಲಸ ಫ್ಯಾನು, ಮೋಟಾರು ರಿಪೇರಿ. ಊರಾಚೆಯ ಕಾಲೇಜಿನ ಲ್ಯಾಬಿನಲ್ಲಿ ಫ್ಯಾನು ಸರಿಮಾಡಲು ಹೋದಾಗ ಅಲ್ಲಿಯವರು ಹೊರಗೆ ಹಾಕಿದ್ದ ಒಂದು ಹಳೇ ಯಂತ್ರವನ್ನು ಅವನು ಹೊತ್ತು ತಂದಿದ್ದ. ಕೆಳಗೆ ಒಂದು ಪೆಟ್ಟಿಗೆ, ಮೇಲೆ ತಟ್ಟೆಯಂಥ ಚಕ್ರ. ಪೆಟ್ಟಿಗೆಯ ಮೇಲಿನ ಗುಂಡಿಗಳಲ್ಲಿ ಒಂದು ಸಂಖ್ಯೆ ಒತ್ತಿದರೆ ಚಕ್ರ ಅಷ್ಟು ತಿರುಗಿ ನಿಲ್ಲುತ್ತಿತ್ತು. ಒಂದು ನಿಮಿಷ ಬಿಟ್ಟು ಮತ್ತೆ ಅಷ್ಟೇ ತಿರುಗುತ್ತಿತ್ತು.

“ಇದರ ಮೇಲೆ ಬೆರ್ಚಪ್ಪನ್ನ ನಿಲ್ಸೋಣ ಮಾವ!” ಎಂದದ್ದು ಬುಗುರಿ. “ನಿಮಿಷಕ್ಕೊಂದು ಕಡೆ ನೋಡ್ತಾನೆ. ನಾಲ್ಕು ದಿಕ್ಕೂ ಕಾಯ್ತಾನೆ. ನಾನು ಓಡೋಕೆ ಹೋಗ್ತೀನಿ.”

“ಗಿಳಿ ಹೆದರಿದ್ರೆ ಹೋಗು,” ಎಂದಿದ್ದಳು ಅಜ್ಜಿ. “ಹೆದರದಿದ್ರೆ ನೀನೇ ಬೆರ್ಚಪ್ಪ.”

ಪುಸ್ತಕದ ಮೂಲೆ ತೊಂಬತ್ತು ಡಿಗ್ರಿ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಒಂದು ದಿಕ್ಕಿನಿಂದ ಪಕ್ಕದ ದಿಕ್ಕಿಗೆ ತಿರುಗುವುದೂ ಅಷ್ಟೇ. ಆದ್ದರಿಂದ ಅವಳು ತೊಂಬತ್ತು ಎಂದು ಒತ್ತಿದ್ದಳು. ಬೆರ್ಚಪ್ಪ ಏನು ಮಾಡಿದ ಎಂಬುದನ್ನು ನೋಡಿದೆವಲ್ಲ. ಅವನು ನಿಂತೊಡನೆ, ಮತ್ತೆ ತಿರುಗುವ ಮೊದಲೇ, ಮಾವ ಓಡಿಬಂದು ಯಂತ್ರ ಆರಿಸಿದ್ದ.

ಮೇಷ್ಟ್ರು ಹುಲ್ಲಿನಿಂದ ಎದ್ದು, ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೊಲದೊಳಗೆ ಬಂದರು.

“ಯಾರದ್ದು ಇದು?”

“ಅಂಗಿ ನಂದೇ ಸಾರ್,” ಎಂದ ಮಾವ. “ಆದ್ರೆ ಎಸೆದಿದ್ದು ನಾನಲ್ಲ. ಅವನು.”

ಮೇಷ್ಟ್ರು ಬೆರ್ಚಪ್ಪನತ್ತ ನೋಡಿದರು. ತಲೆಯೇ ಇಲ್ಲದವನನ್ನು ಗದರಿಸುವುದು ಹೇಗೆಂದು ಅವರಿಗೂ ತಿಳಿಯಲಿಲ್ಲ. ಬಗ್ಗಿ ಪೆಟ್ಟಿಗೆ ನೋಡಿದರು. ಅದರ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ಚಿತ್ತು. ಸ್ವಿಚ್ಚಿನ ಎಡಕ್ಕೆ ಮೂರು ಇಂಗ್ಲಿಷ್ ಅಕ್ಷರ, ಬಲಕ್ಕೆ ಮೂರು ಅಕ್ಷರ. ಅದರ ಮೇಲೆಲ್ಲ ಹಳದಿ ಅಂಟು ಸುರಿದು ಕಲ್ಲಿನಂತೆ ಗಟ್ಟಿಯಾಗಿತ್ತು.

“ಇದಕ್ಕೆ ಅಂಟು ಹಾಕಿದ್ದು ಯಾರು?”

“ನಾನೇ ಸಾರ್,” ಎಂದ ಮಾವ ಹೆಮ್ಮೆಯಿಂದ. “ಮಕ್ಕಳಿರೋ ಮನೆ ನೋಡಿ. ಈ ಕಡೆ ಆರ್, ಎ, ಡಿ. ರ್‍ಯಾಡ್. ಅಂದ್ರೆ ರೇಡಿಯೋ. ಆ ಕಡೆ ಡಿ, ಇ, ಜಿ. ಡಿ ಅಂದ್ರೆ ಡೇಂಜರು. ಅದಕ್ಕೇ ರೇಡಿಯೋ ಕಡೆಗೆ ತಳ್ಳಿ ಅಂಟು ಹಾಕ್ಬಿಟ್ಟೆ. ಇನ್ನು ಯಾರೂ ಅಲ್ಲಾಡ್ಸೋಕಾಗಲ್ಲ.”

“ಮೂರು ದಿನದಿಂದ ಕಿವಿ ಇಟ್ಟು ಕೂತಿದೀನಿ,” ಎಂದಳು ಅಜ್ಜಿ. “ಒಂದು ಹಾಡೂ ಬರಲಿಲ್ಲ.”

“ಸ್ಟೇಷನ್ನು ಸಿಕ್ತಾ ಇಲ್ಲ ಅಮ್ಮ, ಅಷ್ಟೇ.”

ಮೇಷ್ಟ್ರು ಅಂಗಿಯಿಂದಲೇ ಹಣೆ ಒರೆಸಿಕೊಂಡರು. “ಇದು ರೇಡಿಯೋ ಅಲ್ಲ, ರೇಡಿಯನ್ನು. ಆ ಕಡೆ ಇರೋದು ಡಿಗ್ರಿ.”

“ರೇಡಿಯನ್ನಲ್ಲಿ ವಾರ್ತೆ ಬರತ್ತಾ?” ಎಂದು ಕೇಳಿದಳು ಅಜ್ಜಿ.

“ಬರಲ್ಲ ಅಜ್ಜಿ.”

“ಹಾಗಿದ್ರೆ ಯಾಕದು?”

“ಕೋನ ಅಳೆಯೋಕೆ. ಎಷ್ಟು ತಿರುಗಿತು ಅಂತ ಹೇಳೋಕೆ. ನಾವು ಡಿಗ್ರಿಯಲ್ಲಿ ಹೇಳ್ತೀವಿ, ಇದು ರೇಡಿಯನ್ನಲ್ಲಿ ಕೇಳಿಸ್ಕೊಳ್ಳತ್ತೆ. ಇವಳು ತೊಂಬತ್ತು ಡಿಗ್ರಿ ಅಂದ್ಕೊಂಡು ಒತ್ತಿದಾಳೆ, ಅದು ತೊಂಬತ್ತು ರೇಡಿಯನ್ನು ತಿರುಗಿದೆ. ಒಂದು ಲೋಟ ನೀರು ಕೇಳಿದ್ರೆ ಒಂದು ಟ್ಯಾಂಕರು ತಂದು ಸುರಿದಂಗೆ.”

ಬುಗುರಿ ಅಂಟಿನ ಮೇಲೆ ಉಗುರು ಹಾಕಿ ಕೆರೆದಳು. ಉಗುರು ಸವೆಯಿತು, ಅಂಟು ಸವೆಯಲಿಲ್ಲ. “ಹಾಗಾದ್ರೆ ರೇಡಿಯನ್ನಲ್ಲೇ ಎಷ್ಟು ಒತ್ಬೇಕು ಹೇಳಿ ಸಾರ್.”

“ಅದೆಲ್ಲ ದೊಡ್ಡ ಕ್ಲಾಸಿನ ಪಾಠ. ನಿನಗಿನ್ನೂ ನಾಲ್ಕೈದು ವರ್ಷ ಇದೆ.”

“ನಾಲ್ಕೈದು ವರ್ಷ ಇಲ್ಲ ಸಾರ್. ನಾಳೆ ಬೆಳಗ್ಗೆ ಆರಕ್ಕೆ ಬೇಕು.”

ಮೇಷ್ಟ್ರು ಅವಳ ಮುಖ ನೋಡಿದರು. ಆಮೇಲೆ ಸೈಕಲ್ಲು ಬಿದ್ದಿದ್ದ ಕಡೆ ನೋಡಿದರು. ಆಮೇಲೆ, “ಒಂದು ಮಾರು ಹಗ್ಗ ಇದೆಯಾ?” ಎಂದರು.

ಹಗ್ಗ ಬಂತು. ಬೆರ್ಚಪ್ಪನ ಸುತ್ತ ಗಿಡವಿಲ್ಲದ ಖಾಲಿ ಜಾಗವಿತ್ತು. ಹಗ್ಗದ ಒಂದು ತುದಿಯನ್ನು ಅವನ ಕಾಲಿನ ಹತ್ತಿರ ಮಾವ ಒತ್ತಿ ಹಿಡಿದ. ಇನ್ನೊಂದು ತುದಿಗೆ ಕಡ್ಡಿ ಕಟ್ಟಿ, ಹಗ್ಗ ಬಿಗಿಯಾಗಿ ಎಳೆದುಕೊಂಡು ಬುಗುರಿ ಮಣ್ಣಿನಲ್ಲಿ ಗೆರೆ ಎಳೆಯುತ್ತ ಒಂದು ಸುತ್ತು ಬಂದಳು. ದೊಡ್ಡ ದುಂಡನೆಯ ಗೆರೆಯಾಯಿತು.

“ಈಗ ಹಗ್ಗ ಬಿಚ್ಚಿ ಆ ಗೆರೆ ಮೇಲೇ ಮಲಗಿಸು. ಗೆರೆ ಹೇಗೆ ಬಗ್ಗಿದೆಯೋ ಹಾಗೇ ಬಗ್ಗಿಸು. ಮುಗಿದ ಕಡೆ ಒಂದು ಕಲ್ಲಿಡು.”

ಬುಗುರಿ ಇಟ್ಟಳು.

“ಹಗ್ಗದ ಈ ತುದಿ ನೋಡ್ತಿದ್ದ ಬೆರ್ಚಪ್ಪ ಆ ಕಲ್ಲು ನೋಡೋಕೆ ಎಷ್ಟು ತಿರುಗ್ಬೇಕೋ, ಅದೇ ಒಂದು ರೇಡಿಯನ್ನು.”

“ಇಷ್ಟೇನಾ?” ಎಂದಳು ಬುಗುರಿ. “ಒಂದು ಹಗ್ಗದಷ್ಟು ತಿರುಗೋದಾ?”

“ಇಷ್ಟೇ. ಈಗ ಒಂದು ಪೂರ್ತಿ ಸುತ್ತಿಗೆ ಎಷ್ಟು ಹಗ್ಗ ಬೇಕು, ಅಳೆದು ನೋಡು.”

ಬುಗುರಿ ಮಂಡಿಯೂರಿ ಅಳೆಯುತ್ತ ಹೋದಳು. ಎರಡು, ಮೂರು, ನಾಲ್ಕು, ಐದು, ಆರು. ಆರನೆಯ ಕಲ್ಲಿಟ್ಟಾಗ ಶುರುಮಾಡಿದ ಜಾಗ ಇನ್ನೂ ಸ್ವಲ್ಪ ಮುಂದೆ ಇತ್ತು.

“ಆರು ಹಗ್ಗ... ಮತ್ತೆ ಚೂರು.”

“ಚೂರು ಹೇಗೆ ಬರತ್ತೆ?” ಎಂದಳು ಅಜ್ಜಿ. “ಹಗ್ಗ ಸರಿಯಾಗಿ ಎಳೆದಿಲ್ಲ ನೀನು.”

ಮಾವ ಹಗ್ಗ ಕಿತ್ತುಕೊಂಡು ತಾನು ಅಳೆಯಲು ಕೂತ. ನಾಲಗೆ ಹೊರಗೆ ಹಾಕಿ, ಒಂದೊಂದು ಹಗ್ಗಕ್ಕೂ ಕಲ್ಲಿಡುತ್ತ ಹೋದ. ಎಲ್ಲಿ ನಿಲ್ಲಿಸಬೇಕೆಂಬುದೇ ಮರೆತುಹೋಗಿ ಎರಡನೆಯ ಸುತ್ತಿಗೆ ಹೊರಟ. ಏಳು, ಎಂಟು, ಒಂಬತ್ತು.

“ಏಯ್, ಸಾಕು ನಿಲ್ಲೋ!” ಎಂದಳು ಅಜ್ಜಿ. ಅವಳಿಗೆ ಇನ್ನೂ ನಂಬಿಕೆ ಇರಲಿಲ್ಲ. ಗಿಡ ಕಟ್ಟುವ ಒಂದು ಮೊಳದ ದಾರ ತೆಗೆದು, ಬೇರೆಯದೇ ಸಣ್ಣ ವೃತ್ತ ಬರೆಸಿ, ಬುಗುರಿಯಿಂದ ಅದನ್ನೂ ಅಳೆಸಿದಳು. ಆರು ದಾರ, ಮತ್ತೆ ಚೂರು.

“ಇದರಲ್ಲೂ!” ಎಂದಳು ಅಜ್ಜಿ.

“ದೊಡ್ಡ ಹಗ್ಗಕ್ಕೆ ದೊಡ್ಡ ಚೂರು, ಸಣ್ಣ ದಾರಕ್ಕೆ ಸಣ್ಣ ಚೂರು,” ಎಂದರು ಮೇಷ್ಟ್ರು. “ಆದ್ರೆ ಚೂರು ಬಿಡಲ್ಲ. ಲೆಕ್ಕಕ್ಕೆ ಬೇಕು ಅಂದ್ರೆ ಒಂದು ಸುತ್ತಿಗೆ ಆರು ಪಾಯಿಂಟ್ ಎರಡು ಎಂಟು ಅಂತ ಇಟ್ಕೋ. ಅರ್ಧ ಸುತ್ತಿಗೆ?”

“ಮೂರು ಪಾಯಿಂಟ್ ಒಂದು ನಾಲ್ಕು.”

“ಅರ್ಧ ಸುತ್ತು ಅಂದ್ರೆ ಎಷ್ಟು ಡಿಗ್ರಿ?”

“ನೂರ ಎಂಬತ್ತು.”

“ಸರಿ. ಹಾಗಾದ್ರೆ ಡಿಗ್ರಿ ಎಷ್ಟೇ ಇರಲಿ, ನೂರ ಎಂಬತ್ತರಿಂದ ಭಾಗಿಸು, ಮೂರು ಪಾಯಿಂಟ್ ಒಂದು ನಾಲ್ಕರಿಂದ ಗುಣಿಸು. ರೇಡಿಯನ್ನಾಗತ್ತೆ. ರೇಡಿಯನ್ನಿಂದ ಡಿಗ್ರಿ ಬೇಕು ಅಂದ್ರೆ ಬಂದ ದಾರೀಲೇ ವಾಪಸ್ಸು ಹೋಗು. ಒಂದು ಹಗ್ಗಕ್ಕೆ ಐವತ್ತೇಳು ಡಿಗ್ರಿ, ಮತ್ತೆ ಚೂರು.”

ಬುಗುರಿ ಕಡ್ಡಿಯಿಂದ ಮಣ್ಣಿನಲ್ಲೇ ಬರೆದಳು. ತೊಂಬತ್ತು ಭಾಗಿಸು ನೂರ ಎಂಬತ್ತು, ಅಂದರೆ ಅರ್ಧ. ಮೂರು ಪಾಯಿಂಟ್ ಒಂದು ನಾಲ್ಕರಲ್ಲಿ ಅರ್ಧ, ಒಂದು ಪಾಯಿಂಟ್ ಐದು ಏಳು. ಒಂದೂವರೆ ಹಗ್ಗ, ಮತ್ತೆ ಚೂರು.

ಅವಳು ಸುಮ್ಮನಿರಲಾರದೆ ಇನ್ನೊಂದು ಲೆಕ್ಕವನ್ನೂ ಮಾಡಿದಳು. ತೊಂಬತ್ತು ಹಗ್ಗ, ಸುತ್ತಿಗೆ ಆರು ಪಾಯಿಂಟ್ ಎರಡು ಎಂಟರಂತೆ. “ಹದಿನಾಲ್ಕು ಸುತ್ತು, ಮತ್ತೆ ಚೂರು!”

“ಹದಿನಾಲ್ಕು!” ಎಂದು ಮಾವ ಕುಣಿದ. “ನಾನು ಬಾಯಲ್ಲೇ ಎಣಿಸಿದ್ದೆ! ನೋಡಿದ್ರಾ ಸಾರ್, ನನಗೂ ಗಣಿತ ಬರತ್ತೆ!”

ಬೆರ್ಚಪ್ಪನಿಗೆ ಅಂಗಿ ತೊಡಿಸಿದರು, ಹುಲ್ಲು ತುಂಬಿ ಗುಂಡಿ ಹಾಕಿದರು, ಬಕೆಟ್ಟನ್ನು ತಂತಿಯಿಂದ ಕಟ್ಟಿದರು, ಯಂತ್ರ ಹಾಕಿದರು. ಬುಗುರಿ ಒಂದು, ಚುಕ್ಕೆ, ಐದು, ಏಳು ಒತ್ತಿದಳು. ಬೆರ್ಚಪ್ಪ ಮನೆಗೆ ಬಂದ ಹೊಸ ನೆಂಟನಂತೆ ಮೆಲ್ಲಗೆ ಪಕ್ಕಕ್ಕೆ ತಿರುಗಿ ನಿಂತ. ಒಂದು ನಿಮಿಷಕ್ಕೆ ಮತ್ತೆ ಪಕ್ಕಕ್ಕೆ. ನಾಲ್ಕನೆಯ ಸಲ ಮೊದಲಿನ ಜಾಗಕ್ಕೇ ಬಂದ.

“ಲೆಕ್ಕ ಸರಿ ಇದೆ,” ಎಂದು ಮೇಷ್ಟ್ರು ಪೇಪರಿಗೆ ಟಿಕ್ ಹಾಕುವಂತೆ ಗಾಳಿಯಲ್ಲಿ ಬೆರಳು ಎಳೆದು, ಸೈಕಲ್ಲು ಎತ್ತಿಕೊಂಡು ಹೊರಟರು.

ಮರುದಿನ ಬೆಳಗ್ಗೆ ಆರಕ್ಕೆ ಬುಗುರಿ ಓಟದ ಬೂಟು ಹಾಕಿಕೊಂಡೇ ಹೊಲಕ್ಕೆ ಬಂದಳು. ಅಜ್ಜಿ ಬದುವಿನ ಮೇಲೆ ಕೂತಿದ್ದಳು. ಡಬ್ಬ ಅವಳ ಮಡಿಲಲ್ಲಿತ್ತು. ಮಾವ ಹಲ್ಲುಜ್ಜುತ್ತ ನಿಂತಿದ್ದ.

ಗಿಳಿಗಳು ಬಂದವು. ಬೆರ್ಚಪ್ಪ ತಿರುಗಿದ. ಕಿಚಕಿಚ ಎನ್ನುತ್ತ ಎಲ್ಲವೂ ಮೇಲೆದ್ದವು.

“ನೋಡಿದ್ಯಾ ಅಜ್ಜಿ!”

“ನೋಡ್ತಾ ಇದೀನಿ. ನೀನೂ ನೋಡು.”

ಗಿಳಿಗಳು ಹತ್ತಿರದ ತಂತಿಯ ಮೇಲೆ ಸಾಲಾಗಿ ಕೂತು ಕತ್ತು ಓರೆ ಮಾಡಿ ನೋಡಿದವು. ಬೆರ್ಚಪ್ಪ ತಿರುಗಿದ, ನಿಂತ. ಮತ್ತೆ ತಿರುಗಿದ, ನಿಂತ. ಇಡೀ ಎರಡು ಸುತ್ತು ಅವು ಹಾಗೇ ನೋಡಿದವು. ಆಮೇಲೆ ಒಂದು ಮುದಿ ಗಿಳಿ ಹಾರಿಬಂದು ಅವನ ಬೆನ್ನ ಹಿಂದಿನ ಸಾಲಿನಲ್ಲಿ ಕೂತಿತು. ಅವನು ತಿರುಗುವ ಹೊತ್ತಿಗೆ ಸರಿಯಾಗಿ ಎದ್ದು, ಮತ್ತೆ ಅವನ ಬೆನ್ನ ಹಿಂದೆ ಹೋಗಿ ಕೂತಿತು. ಉಳಿದವೂ ಹಾಗೇ ಮಾಡಿದವು. ಆರೂ ಇಪ್ಪತ್ತಕ್ಕೆ ಬೆರ್ಚಪ್ಪನ ಬಲಗೈ ಮೇಲೆ ಮೂರು ಗಿಳಿ, ಎಡಗೈ ಮೇಲೆ ಎರಡು ಗಿಳಿ ಕೂತು, ಅವನ ಜೊತೆ ಸುತ್ತು ತಿರುಗುತ್ತ ಕಾಳು ಸುಲಿಯುತ್ತಿದ್ದವು. ತಿರುಗುವಾಗಲೆಲ್ಲ ‘ಕೀ’ ಎಂದು ಖುಷಿಯಿಂದ ಕಿರುಚುತ್ತಿದ್ದವು.

“ಟಿಕೆಟ್ ಇಟ್ಟಿದ್ರೆ ಚೆನ್ನಾಗಿರ್ತಿತ್ತು,” ಎಂದ ಮಾವ ಬಾಯಿ ತುಂಬ ನೊರೆ ಇಟ್ಟುಕೊಂಡು.

“ಆದ್ರೆ ಲೆಕ್ಕ ಸರಿ ಇದೆ!” ಎಂದಳು ಬುಗುರಿ. “ಮೇಷ್ಟ್ರೇ ಸರಿ ಅಂದ್ರು!”

“ಮೇಷ್ಟ್ರು ಸರಿ ಅಂತಾರೆ. ಗಿಳಿ ನಿಮ್ಮ ಶಾಲೆಗೆ ಬರಲ್ವಲ್ಲೇ.” ಅಜ್ಜಿ ಡಬ್ಬ ಮುಂದೆ ಚಾಚಿದಳು. ದನಿ ಗದರುವಂತಿರಲಿಲ್ಲ. “ತಗೋ ಮಗಾ. ನಾನು ಹತ್ತೋ ಹಾಗಿದ್ರೆ ಹತ್ತುತ್ತಿದ್ದೆ.”

ಬುಗುರಿ ಡಬ್ಬ ತೆಗೆದುಕೊಂಡಳು. ಈ ಹೊತ್ತಿಗೆ ಉಳಿದ ಮೂವರು ಬೂಟಿನ ದಾರ ಕಟ್ಟಿಕೊಳ್ಳುತ್ತಿರುತ್ತಾರೆ. ಅವಳ ಜಾಗದಲ್ಲಿ ನಿಲ್ಲಲು ಬಿ ಸೆಕ್ಷನ್ನಿನ ಉದ್ದ ಜಡೆಯವಳು ಬಂದೇ ಬಂದಿರುತ್ತಾಳೆ. ಕಣ್ಣಲ್ಲಿ ನೀರು ಬಂದದ್ದು ಮಾವನಿಗೆ ಕಾಣಬಾರದೆಂದು ಅವಳು ತಲೆ ಬಗ್ಗಿಸಿದಳು.

ಕೆಳಗೆ ನಿನ್ನೆಯ ಗೆರೆ ಹಾಗೇ ಇತ್ತು. ಮಾವ ಇಟ್ಟ ಕಲ್ಲುಗಳೂ ಇದ್ದವು. ಒಂದರಿಂದ ಆರರವರೆಗೆ ಒಂದೊಂದು ಹಗ್ಗದ ದೂರಕ್ಕೆ ಒಂದೊಂದು ಕಲ್ಲು. ಆಮೇಲೆ ಅವನು ಎಚ್ಚರವಿಲ್ಲದೆ ಎರಡನೆಯ ಸುತ್ತಿನಲ್ಲಿ ಇಟ್ಟ ಏಳನೆಯದು, ಎಂಟನೆಯದು, ಒಂಬತ್ತನೆಯದು.

ಬುಗುರಿ ಅದನ್ನೇ ನೋಡಿದಳು. ಏಳನೆಯ ಕಲ್ಲು ಒಂದನೆಯ ಕಲ್ಲಿನ ಪಕ್ಕ ಇರಲಿಲ್ಲ, ಅದಕ್ಕಿಂತ ಚೂರು ಹಿಂದೆ ಇತ್ತು. ಎಂಟನೆಯದು ಎರಡನೆಯದಕ್ಕಿಂತ ಚೂರು ಹಿಂದೆ. ಒಂದೂ ಹಳೇ ಕಲ್ಲಿನ ಮೇಲೆ ಕೂತಿರಲಿಲ್ಲ.

ಅವಳು ತಲೆ ಎತ್ತಿ ಬೆರ್ಚಪ್ಪನನ್ನು ನೋಡಿದಳು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಅದೇ ಒಂದು. ಅವನು ನಿಲ್ಲುವ ನಾಲ್ಕು ಜಾಗವನ್ನೂ ಗಿಳಿಗಳು ಬಾಯಿಪಾಠ ಮಾಡಿಕೊಂಡಿದ್ದವು.

“ಮಾವ, ಈ ಡಬ್ಬ ಹಿಡ್ಕೋ!”

ಅವಳು ಪೆಟ್ಟಿಗೆಯ ಹತ್ತಿರ ಓಡಿ ಒಂದೇ ಒಂದು ಗುಂಡಿ ಒತ್ತಿದಳು. ಏಳು.

“ಎಷ್ಟೇ ಒತ್ತಿದೆ?” ಎಂದು ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮಾವ ತನ್ನ ಅಂಗಿಯ ಗುಂಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಬೆರ್ಚಪ್ಪ ರಪ್ಪನೆ ಒಂದು ಪೂರ್ತಿ ಸುತ್ತು ಬಂದ. ಕೈ ಮೇಲಿದ್ದ ಐದು ಗಿಳಿಗಳು ಐದು ದಿಕ್ಕಿಗೆ ಹೋದವು. ಅವನು ಅಲ್ಲಿಗೇ ನಿಲ್ಲಲಿಲ್ಲ, ಇನ್ನೂ ಸ್ವಲ್ಪ ಮುಂದೆ ಹೋಗಿ ಎರಡು ದಿಕ್ಕಿನ ನಡುವೆ ಎಲ್ಲೋ ಸೊಟ್ಟಗೆ ನಿಂತ. ಮುದಿ ಗಿಳಿ ಲೆಕ್ಕ ಹಾಕಿ ಬೆನ್ನ ಹಿಂದೆ ಬಂದು ಕೂತಿತು. ಮುಂದಿನ ನಿಮಿಷ ಬೆರ್ಚಪ್ಪ ಮತ್ತೆ ರಪ್ಪನೆ ತಿರುಗಿ ಇನ್ನೆಲ್ಲೋ ನಿಂತ. ಗಿಳಿ ಜಾಗ ಬದಲಿಸಿತು. ಅವನೂ ಬದಲಿಸಿದ. ಐದನೆಯ ಸಲ ಅವನ ಬಕೆಟ್ಟು ಸರಿಯಾಗಿ ಗಿಳಿಯ ಮೂತಿಯ ಎದುರಿಗೇ ಬಂದು ನಿಂತಿತು. ಗಿಳಿ ಏನೋ ಬೈದು ಹಾರಿಹೋಯಿತು. ಅದರ ಹಿಂದೆ ಇಡೀ ದಂಡು ಹೋಯಿತು.

ಅಜ್ಜಿ ಕೈಯನ್ನು ಹುಬ್ಬಿನ ಮೇಲಿಟ್ಟು ಆಕಾಶ ನೋಡಿದಳು. ಹತ್ತು ನಿಮಿಷ ನೋಡಿದಳು. ಬುಗುರಿಗೆ ಅದು ಹತ್ತು ವರ್ಷವಾಗಿತ್ತು.

“ಇನ್ನೂ ಯಾಕೆ ನಿಂತಿದೀಯ?” ಎಂದಳು ಅಜ್ಜಿ ಕೊನೆಗೆ. “ಓಡು!”

ಬುಗುರಿ ಓಡಿದಳು. ಬದು ದಾಟಿ, ರಸ್ತೆಗೆ ಹಾರಿ, ತಿರುವಿನಲ್ಲಿ ಮೇಷ್ಟ್ರ ಸೈಕಲ್ಲಿನ ಪಕ್ಕಕ್ಕೆ ಬಂದಳು. ಮೇಷ್ಟ್ರು ಹೊಲದ ಕಡೆ ಒಂದು ಕಣ್ಣಿಟ್ಟುಕೊಂಡೇ ತುಳಿಯುತ್ತಿದ್ದರು.

“ಹಿಂದೆ ಹತ್ಕೋ, ಬಿಡ್ತೀನಿ!”

“ಬೇಡ ಸಾರ್, ನಿಮ್ಮ ಸೈಕಲ್ಲು ನಿಧಾನ!”

“ಹೆದರಿದ್ವಾ ಗಿಳಿ? ಒಂದು ಪಾಯಿಂಟ್ ಐದು ಏಳಕ್ಕೆ?”

“ಅದಕ್ಕೆ ಹೆದರ್ಲಿಲ್ಲ ಸಾರ್. ಏಳು ಒತ್ತಿದೆ!”

“ಏಳಾ!” ಮೇಷ್ಟ್ರ ಸೈಕಲ್ಲು ಒಮ್ಮೆ ಓಲಾಡಿತು. “ಏಳು ರೇಡಿಯನ್ನು ಅಂದ್ರೆ ಎಷ್ಟು ಡಿಗ್ರಿ ಗೊತ್ತಾ?”

ಬುಗುರಿ ಓಡುತ್ತಲೇ ಲೆಕ್ಕ ಹಾಕಿದಳು. ಒಂದು ಹಗ್ಗಕ್ಕೆ ಐವತ್ತೇಳು. ಏಳು ಐವತ್ತೇಳು ಮುನ್ನೂರ ತೊಂಬತ್ತೊಂಬತ್ತು. ಏಳು ಹಗ್ಗದ ಏಳು ಚೂರು ಸೇರಿದರೆ ಇನ್ನೆರಡು.

“ನಾನೂರ ಒಂದು ಸಾರ್. ಮತ್ತೆ ಚೂರು!”

“ಚೂರು ಅಂದ್ರೆ? ಸರಿಯಾಗಿ ಹೇಳು, ಎಷ್ಟು?”

ಬುಗುರಿ ಅಷ್ಟರಲ್ಲಿ ಸೈಕಲ್ಲನ್ನು ಹಿಂದೆ ಹಾಕಿದ್ದಳು. ತಿರುಗಿ ನೋಡದೆಯೇ ಕೂಗಿದಳು.

“ಅದು ಮುಗಿಯಲ್ಲ ಸಾರ್! ಮುಗಿದ್ರೆ ಗಿಳಿ ಕೂತ್ಕೊಳ್ಳತ್ತೆ!”

ಮೇಷ್ಟ್ರು ಪೆಡಲ್ ತುಳಿಯುವುದನ್ನು ಮರೆತರು. ಸೈಕಲ್ಲು ತಾನಾಗಿಯೇ ಸ್ವಲ್ಪ ದೂರ ಹೋಗಿ ನಿಂತಿತು.

ಗ್ರೌಂಡಿನಲ್ಲಿ ಉದ್ದ ಜಡೆಯವಳು ಆಗಲೇ ಮೂರನೆಯ ಗೆರೆಯ ಮೇಲೆ ನಿಂತು ಕೈ ಹಿಂದಕ್ಕೆ ಚಾಚಿದ್ದಳು. ಬುಗುರಿ ಬೂಟಿನ ತುಂಬ ಹೊಲದ ಮಣ್ಣು ಮೆತ್ತಿಕೊಂಡು ಗೇಟಿನೊಳಗೆ ನುಗ್ಗಿದಳು. ಪೀಟಿ ಸಾರು ಅವಳನ್ನು ನೋಡಿದರು, ಸೀಟಿ ಬಾಯಿಂದ ತೆಗೆದರು, ವಾಚು ನೋಡಿದರು.

ಏಳಕ್ಕೆ ಇನ್ನೂ ಚೂರು ಇತ್ತು.